ಐದು ಪಾಯಿಂಟ್ ಮುಂದಿದ್ದರೂ ನಿದ್ದೆ ಯಾಕೆ ಬರಲ್ಲ?

ಹನುಮಂತನಗರದಲ್ಲಿರುವ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಭಾನುವಾರ ರಾತ್ರಿ ಫುಟ್‌ಬಾಲ್ ಹಾಕಿದ ಟಿವಿ ಮುಂದೆ ಎರಡು ಪಕ್ಷ. ಒಂದು ಕಡೆ ಚಿಕ್ಕಪ್ಪನ ಮಗ, ಕೆಂಪು ಜೆರ್ಸಿ. ಇನ್ನೊಂದು ಕಡೆ ಮಹಡಿ ಮನೆಯ ಹುಡುಗ, ತಿಳಿನೀಲಿ ಜೆರ್ಸಿ. ಮಧ್ಯದಲ್ಲಿ ಚುರುಮುರಿ ತಟ್ಟೆ ಹಿಡಿದ ಚಿಕ್ಕಪ್ಪ. ಅವರದ್ದು ಪಕ್ಕಾ ಕ್ರಿಕೆಟ್ ಜೀವ. ವಿಶ್ವನಾಥ್ ಸ್ಕ್ವೇರ್ ಕಟ್ ಬಿಟ್ಟರೆ ಬೇರೆ ಮಾತಿಲ್ಲ.

ಲೀಗಿನ ಪಾಯಿಂಟ್ ಟೇಬಲ್ ಪರದೆ ಮೇಲೆ ಬಂತು. ಕೆಂಪು ತಂಡ ಐದು ಪಾಯಿಂಟ್ ಮುಂದೆ. ಆದರೂ ಮಗನ ಮುಖ ನೋಡಿದರೆ ಮನೆಯಲ್ಲಿ ಏನೋ ಆಗಬಾರದ್ದು ಆದ ಹಾಗಿತ್ತು. ಹಿಂದೆ ಬಿದ್ದ ತಂಡದ ಹುಡುಗ ಆರಾಮಾಗಿ ಚುರುಮುರಿ ತಿನ್ನುತ್ತಿದ್ದ.

"ಲೋ, ಐದು ಪಾಯಿಂಟ್ ಮುಂದಿದೀರ. ಇನ್ನೇನೋ ಗೋಳು ನಿಂದು?" ಅಂದರು ಚಿಕ್ಕಪ್ಪ.

"ಅಪ್ಪ, ನಿಂಗೆ ಗೊತ್ತಾಗಲ್ಲ ಬಿಡು."

ಆಗ ಅವರು ನನ್ನ ಕಡೆ ತಿರುಗಿದರು. "ನೀನಾದ್ರೂ ಬಿಡಿಸಿ ಹೇಳಪ್ಪ." ಕೈಗೆ ಸಿಕ್ಕಿದ್ದು ಫ್ರಿಜ್ ಮೇಲಿದ್ದ ಬೆಸ್ಕಾಂ ಬಿಲ್. ಅದರ ಹಿಂಭಾಗ ಖಾಲಿ ಇತ್ತು. ಅವತ್ತು ಅದರ ಮೇಲೆ ಬರೆದದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ. ತಂಡಗಳನ್ನು ಸುಮ್ನೆ ಕೆಂಪು, ನೀಲಿ ಅಂತಲೇ ಕರೆಯೋಣ. ಅಂಕಿಗಳೂ ಲೆಕ್ಕ ಸಲೀಸಾಗಲಿ ಅಂತ ನಾನೇ ಹಾಕಿಕೊಂಡವು.

ಇಂಗ್ಲೆಂಡಿನ ಫುಟ್‌ಬಾಲ್ ಲೀಗಾದ ಪ್ರೀಮಿಯರ್ ಲೀಗಿನಲ್ಲಿ 20 ತಂಡ. ಪ್ರತಿ ತಂಡ ಉಳಿದ 19 ತಂಡಗಳ ಜೊತೆ ಎರಡೆರಡು ಸಲ ಆಡುತ್ತದೆ, ಒಂದು ಸಲ ತನ್ನೂರಲ್ಲಿ, ಒಂದು ಸಲ ಅವರೂರಲ್ಲಿ. ಒಟ್ಟು 38 ಮ್ಯಾಚ್. ಗೆದ್ದರೆ 3, ಡ್ರಾ ಆದರೆ 1, ಸೋತರೆ ಸೊನ್ನೆ. ಐಪಿಎಲ್ ಥರ ಕೊನೆಗೆ ಪ್ಲೇಆಫ್ ಇಲ್ಲ, ಫೈನಲ್ ಇಲ್ಲ. 38 ಮುಗಿದಾಗ ಮೇಲಿದ್ದವನೇ ಚಾಂಪಿಯನ್. ಆಗಸ್ಟಿನಲ್ಲಿ ಕಳೆದುಕೊಂಡ ಪಾಯಿಂಟಿಗೂ ಮೇ ತಿಂಗಳಲ್ಲಿ ಕಳೆದುಕೊಂಡ ಪಾಯಿಂಟಿಗೂ ಒಂದೇ ಬೆಲೆ. ಆಗಸ್ಟಿನಲ್ಲಿ ಯಾರೂ ಅಳಲ್ಲ ಅಷ್ಟೆ.

ಈಗ ಬಿಲ್ಲಿನ ಹಿಂದಿನ ಲೆಕ್ಕಕ್ಕೆ ಬರೋಣ. ಕೆಂಪು 32 ಮ್ಯಾಚ್ ಆಡಿ 75 ಪಾಯಿಂಟ್. ನೀಲಿ 31 ಆಡಿ 70. ನೀಲಿಗೆ ಒಂದು ಮ್ಯಾಚ್ ಜಾಸ್ತಿ ಉಳಿದಿದೆ. ಜೊತೆಗೆ ಇವರಿಬ್ಬರ ನಡುವಿನ ಒಂದು ಮ್ಯಾಚ್ ಇನ್ನೂ ಆಗಬೇಕು.

ಸಾಮಾನ್ಯವಾಗಿ ಎಲ್ಲರೂ ನೋಡೋದು ಅಂತರ. 75ರಲ್ಲಿ 70 ಕಳೆದರೆ ಐದು. ನನ್ನ ಪ್ರಕಾರ ಇದು ಕೆಲಸಕ್ಕೆ ಬಾರದ ಅಂಕಿ. ಅಂಗಡಿಯಲ್ಲಿ ಖಾತೆ ಬರೆಸಿದವರಿಗೆ ಗೊತ್ತು, ಎಷ್ಟು ಕಟ್ಟಿದ್ದೀವಿ ಅನ್ನೋದಲ್ಲ, ಬಾಕಿ ಎಷ್ಟು ಅನ್ನೋದು ಮುಖ್ಯ. ಹಾಗೇ ಇಲ್ಲೂ ಕೆಂಪು ತಂಡದ ಬಾಕಿ ಎಷ್ಟು ಅಂತ ಕೇಳಬೇಕು.

ನೀಲಿ ಉಳಿದ ಏಳೂ ಮ್ಯಾಚ್ ಗೆದ್ದರೆ 21 ಬರುತ್ತದೆ. ಆಗ ಒಟ್ಟು 91. ಅದಕ್ಕಿಂತ ಒಂದು ಜಾಸ್ತಿ, ಅಂದರೆ 92 ಮುಟ್ಟಿದರೆ ಕೆಂಪನ್ನು ಹಿಡಿಯೋರಿಲ್ಲ. ಈಗ 75 ಇದೆ. ಬಾಕಿ 17.

ಈ 17 ಎರಡು ರೀತಿ ತೀರುತ್ತದೆ. ಕೆಂಪು ಒಂದು ಮ್ಯಾಚ್ ಗೆದ್ದರೆ 3 ಕಟ್ಟಿದ ಹಾಗೆ, ಬಾಕಿ 14. ಇನ್ನೊಂದು, ನೀಲಿ ಎಡವಿದರೆ ಸಾಲ ಮನ್ನಾ. ನೀಲಿ ಸೋತರೆ ಅವರ ಗರಿಷ್ಠ 91ರಿಂದ 88ಕ್ಕೆ ಇಳಿಯುತ್ತದೆ, ಕೆಂಪಿಗೆ 3 ಮನ್ನಾ. ನೀಲಿ ಡ್ರಾ ಮಾಡಿಕೊಂಡರೆ 2 ಮನ್ನಾ. ಬೇರೆಯವರ ಮ್ಯಾಚನ್ನು ನಮ್ಮ ಹುಡುಗ ಉಗುರು ಕಚ್ಚುತ್ತಾ ನೋಡೋದು ಇದಕ್ಕೇ. ಮೈದಾನಕ್ಕೆ ಇಳಿಯದೆಯೇ ಸಾಲ ತೀರುತ್ತದೆ ಅಂದರೆ ಯಾರಿಗೆ ಬೇಡ?

ಇನ್ನು ಇಬ್ಬರೂ ಎದುರುಬದುರು ಆಡೋ ಮ್ಯಾಚು. ಕೆಂಪು ಗೆದ್ದರೆ 3 ಕಟ್ಟಿದ ಹಾಗೂ ಆಯಿತು, 3 ಮನ್ನಾ ಆದ ಹಾಗೂ ಆಯಿತು. ಒಂದೇ ರಾತ್ರಿಯಲ್ಲಿ 17 ಹೋಗಿ 11. ಕಾಮೆಂಟರಿಯವರು ಇದನ್ನು ಸಿಕ್ಸ್ ಪಾಯಿಂಟರ್ ಅಂತ ಕೂಗುವುದು ಸುಮ್ಮನೆ ಅಲ್ಲ. ಡ್ರಾ ಆದರೆ? ಕೆಂಪು 1 ಕಟ್ಟಿತು, ನೀಲಿ 2 ಕಳೆದುಕೊಂಡಿತು, ಬಾಕಿಯಲ್ಲಿ ಒಟ್ಟು 3 ಕಮ್ಮಿ. ಅಂದರೆ ಎದುರಾಳಿಯ ಊರಿಗೆ ಹೋಗಿ 0-0 ಮಾಡಿಕೊಂಡು ಬಂದರೂ ಬೇರೆ ಯಾರನ್ನೋ ಸೋಲಿಸಿದಷ್ಟೇ ಲಾಭ. ಮುಂದಿರುವ ತಂಡ ಇಂಥ ಮ್ಯಾಚಿನಲ್ಲಿ ಗೋಡೆ ಕಟ್ಟಿಕೊಂಡು ನಿಲ್ಲುತ್ತದೆ, ನೋಡೋಕೆ ಬೋರು. ಆದರೆ ಲೆಕ್ಕ ಅವರ ಕಡೆಗಿದೆ.

"ಸರಿ, ನೀಲಿ ಗೆದ್ರೆ?" ಅಂದರು ಚಿಕ್ಕಪ್ಪ. ಚುರುಮುರಿ ತಟ್ಟೆ ಆಗಲೇ ಕೆಳಗಿಟ್ಟಿದ್ದರು.

ನೀಲಿ ಗೆದ್ದರೆ ಕೆಂಪು ಏನೂ ಕಟ್ಟಲಿಲ್ಲ, ಮನ್ನಾನೂ ಆಗಲಿಲ್ಲ. ಬಾಕಿ 17 ಹಾಗೇ ಉಳಿಯುತ್ತದೆ. ಆದರೆ ಕೆಂಪಿನ ಕೈಯಲ್ಲಿ ಈಗ ಉಳಿದದ್ದು ಐದೇ ಮ್ಯಾಚ್, 15 ಪಾಯಿಂಟ್. ಬಾಕಿ 17, ಕಟ್ಟೋಕೆ ಆಗೋದು ಹೆಚ್ಚೆಂದರೆ 15. ಐದಕ್ಕೆ ಐದು ಗೆದ್ದರೂ ನೀಲಿ ಎಲ್ಲಾದರೂ ಎಡವಲೇಬೇಕು. "ಟೈಟಲ್ ನಮ್ಮ ಕೈಯಲ್ಲಿಲ್ಲ" ಅಂತ ಅಭಿಮಾನಿಗಳು ಹೇಳೋದು ಈ ಸ್ಥಿತಿಗೆ.

ಈಗ ಹಿಂದಿರುಗಿ ಮೊದಲಿನ ಟೇಬಲ್ ನೋಡಿ. ಕೆಂಪು ಉಳಿದದ್ದೆಲ್ಲ ಗೆದ್ದರೆ ಕೆಂಪು ಚಾಂಪಿಯನ್. ನೀಲಿ ಉಳಿದದ್ದೆಲ್ಲ ಗೆದ್ದರೆ 91, ಅವರ ಕೈಲಿ ಒಂದು ಸೋತ ಕೆಂಪು ಎಷ್ಟೇ ಗೆದ್ದರೂ 90. ಅಂದರೆ ನೀಲಿ ಚಾಂಪಿಯನ್. ಐದು ಪಾಯಿಂಟ್ ಹಿಂದಿದ್ದವನ ಹಣೆಬರಹವೂ ಅವನ ಕೈಯಲ್ಲೇ ಇದೆ, ಮುಂದಿದ್ದವನದ್ದೂ ಅವನ ಕೈಯಲ್ಲೇ ಇದೆ. ಮಹಡಿ ಮನೆ ಹುಡುಗ ಆರಾಮಾಗಿ ಚುರುಮುರಿ ತಿನ್ನುತ್ತಿದ್ದ ಗುಟ್ಟು ಇದು.

ಆದರೂ ಅವನಿಗೊಂದು ಮಾತು ಹೇಳಿದೆ. ಉಳಿದಿರೋ ಜಾಸ್ತಿ ಮ್ಯಾಚನ್ನು ಗೆದ್ದೇಬಿಟ್ಟೆವು ಅಂತ ಮೂರು ಪಾಯಿಂಟ್ ಸೇರಿಸಿಕೊಂಡು ಲೆಕ್ಕ ಹಾಕೋದು ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಆ ಮ್ಯಾಚು ಮುಂದಕ್ಕೆ ಹೋಗಿದ್ದೇ ಲೀಗಿನ ಹೊರಗಿನ ಯಾವುದೋ ಕಪ್ ಟೂರ್ನಿಯ ಮ್ಯಾಚ್ ಅಡ್ಡ ಬಂದು. ಅದನ್ನು ಈಗ ವಾರದ ಮಧ್ಯೆ ತುರುಕುತ್ತಾರೆ. ಆಟಗಾರರ ಕಾಲಲ್ಲಿ ಶಕ್ತಿ ಇರಲ್ಲ. ಖಾತೆಯಲ್ಲಿ ಬಿದ್ದ ಪಾಯಿಂಟೇ ಬೇರೆ, ಬರಬೇಕಾದ ಪಾಯಿಂಟೇ ಬೇರೆ.

ಡ್ರಾ ಅನ್ನೋದು ಎಷ್ಟು ದುಬಾರಿ ಅಂತ ಕ್ರಿಕೆಟ್ ನೋಡೋರಿಗೆ ಬೇಗ ಹೊಳೆಯಲ್ಲ. ಟೆಸ್ಟ್ ಡ್ರಾ ಮಾಡಿಕೊಂಡರೆ ಮರ್ಯಾದೆ ಉಳಿಯಿತು ಅಂತಾರೆ. ಫುಟ್‌ಬಾಲ್ ಲೀಗಿನಲ್ಲಿ ಡ್ರಾ ಅಂದರೆ ಒಂದು ಸಿಕ್ಕಿದ್ದಲ್ಲ, ಎರಡು ಕಳೆದದ್ದು. ಹಿಂದೆ ಹೀಗಿರಲಿಲ್ಲ. ಇಂಗ್ಲೆಂಡಿನಲ್ಲಿ 1981ರವರೆಗೆ ಗೆಲುವಿಗೆ ಎರಡೇ ಪಾಯಿಂಟ್ ಇತ್ತು. ಎರಡು ಡ್ರಾ ಮಾಡಿದರೆ ಒಂದು ಗೆಲುವಿಗೆ ಸಮ, ಹಾಗಾಗಿ ಹುಷಾರಾಗಿ ಆಡಿ ಡ್ರಾ ಗಿಟ್ಟಿಸಿದರೂ ನಡೆಯುತ್ತಿತ್ತು. ಆಟಗಾರನೂ ಟಿವಿ ನಿರೂಪಕನೂ ಆಗಿದ್ದ ಜಿಮ್ಮಿ ಹಿಲ್ ಪಟ್ಟು ಹಿಡಿದು ಗೆಲುವಿಗೆ ಮೂರು ಮಾಡಿಸಿದರು. 1994ರಲ್ಲಿ ವಿಶ್ವಕಪ್ಪಿಗೂ ಇದು ಬಂತು.

ಇದರಿಂದ ಎಷ್ಟು ವ್ಯತ್ಯಾಸ ಆಯಿತು ಅಂತ ನೋಡೋಕೆ 2018-19ರ ಸೀಸನ್ ಸಾಕು. ಮ್ಯಾಂಚೆಸ್ಟರ್ ಸಿಟಿ 32 ಗೆಲುವು, 2 ಡ್ರಾ, 4 ಸೋಲು. ಒಟ್ಟು 98. ಲಿವರ್‌ಪೂಲ್ 30 ಗೆಲುವು, 7 ಡ್ರಾ, ಒಂದೇ ಒಂದು ಸೋಲು. ಒಟ್ಟು 97. ಇಡೀ ವರ್ಷ ಒಂದೇ ಸಲ ಸೋತ ತಂಡಕ್ಕೆ ಕಪ್ ಇಲ್ಲ, ನಾಲ್ಕು ಸಲ ಸೋತವರಿಗೆ ಇದೆ. ಇದನ್ನೇ ಹಳೇ ಎರಡು ಪಾಯಿಂಟಿನ ಲೆಕ್ಕದಲ್ಲಿ ಕೂಡಿ ನೋಡಿ. ಸಿಟಿಗೆ 66, ಲಿವರ್‌ಪೂಲಿಗೆ 67. ಲಿವರ್‌ಪೂಲ್ ಅಭಿಮಾನಿಗಳ ಮುಂದೆ ಇದನ್ನು ಹೇಳಬೇಡಿ, ಪಾಪ. ಅವರ ಆ ಒಂದು ಸೋಲೂ ಸಿಟಿ ಕೈಯಲ್ಲೇ, 2019ರ ಜನವರಿಯಲ್ಲಿ. ಆ ಮ್ಯಾಚಿನಲ್ಲಿ ಸಿಟಿಯ ಜಾನ್ ಸ್ಟೋನ್ಸ್ ಗೋಲ್ ಲೈನಿನ ಮೇಲಿಂದ ಚೆಂಡನ್ನು ಹೊರಗೆ ಹೊಡೆದಾಗ, ಅದು ಪೂರ್ತಿ ದಾಟೋಕೆ ಒಂದೂಕಾಲು ಸೆಂಟಿಮೀಟರೂ ಉಳಿದಿರಲಿಲ್ಲ.

"ಇಬ್ಬರದ್ದೂ ಪಾಯಿಂಟ್ ಸಮ ಆದ್ರೆ?" ಇದು ಚಿಕ್ಕಪ್ಪನ ಮುಂದಿನ ಪ್ರಶ್ನೆ. ಆಮೇಲೆ ಅವರೇ, "ರನ್‌ರೇಟ್ ಥರ ಏನಾದ್ರೂ ಇರಬೇಕಲ್ವಾ?" ಅಂದರು.

ಇದೆ. ಬೆಂಗಳೂರಿನವರಿಗೆ ಇದನ್ನು ವಿವರಿಸೋದು ಬಲು ಸುಲಭ, ಯಾಕೆಂದರೆ 2024ರ ಮೇ 18 ಯಾರಿಗೂ ಮರೆತಿಲ್ಲ. ಚಿನ್ನಸ್ವಾಮಿಯಲ್ಲಿ ಆರ್‌ಸಿಬಿಗೆ ಎದುರಾಗಿ ಚೆನ್ನೈ. ಮೊದಲ ಎಂಟು ಮ್ಯಾಚಲ್ಲಿ ಒಂದೇ ಗೆದ್ದಿದ್ದ ಆರ್‌ಸಿಬಿ ಆಮೇಲೆ ಸತತವಾಗಿ ಗೆದ್ದು ಅಲ್ಲಿಗೆ ಬಂದಿತ್ತು. ಗೆದ್ದರೆ ಇಬ್ಬರದ್ದೂ 14 ಪಾಯಿಂಟ್. ಆದರೆ ಬರೀ ಗೆದ್ದರೆ ಸಾಲದು, 18 ರನ್ ಅಂತರ ಬೇಕಿತ್ತು. ಆರ್‌ಸಿಬಿ 218 ಹೊಡೆಯಿತು. ಚೆನ್ನೈ ಮ್ಯಾಚ್ ಸೋತರೂ 201 ಮುಟ್ಟಿದ್ದರೆ ಪ್ಲೇಆಫ್ ಅವರದ್ದಾಗುತ್ತಿತ್ತು. ಕೊನೆ ಓವರಿನಲ್ಲಿ ಧೋನಿ ಸಿಕ್ಸ್ ಹೊಡೆದಾಗ ಇಡೀ ನಗರದ ಎದೆ ಧಸಕ್ ಅಂದಿತ್ತು. ಮುಂದಿನ ಚೆಂಡಿಗೇ ಔಟ್. ಚೆನ್ನೈ 191ಕ್ಕೆ ನಿಂತಿತು. ಅಂತರ 27.

ಫುಟ್‌ಬಾಲಿನಲ್ಲಿ ರನ್‌ರೇಟಿನ ಜಾಗದಲ್ಲಿ ಗೋಲ್ ಡಿಫರೆನ್ಸ್ ಇದೆ. ಲೆಕ್ಕ ಇನ್ನೂ ಸುಲಭ, ಓವರ್ ಗೀವರ್ ಏನಿಲ್ಲ. ವರ್ಷಪೂರ್ತಿ ಹೊಡೆದ ಗೋಲುಗಳಲ್ಲಿ ಹೊಡೆಸಿಕೊಂಡ ಗೋಲು ಕಳೆಯೋದು, ಅಷ್ಟೆ. ಆದರೆ ಒಂದು ದೊಡ್ಡ ವ್ಯತ್ಯಾಸ. ಕ್ರಿಕೆಟ್ಟಿನಲ್ಲಿ ಒಂದೇ ಸಂಜೆಯಲ್ಲಿ ರನ್‌ರೇಟ್ ಸರಿಮಾಡಿಕೊಳ್ಳಬಹುದು. ಫುಟ್‌ಬಾಲಿನಲ್ಲಿ ಗೋಲು ಅನ್ನೋದು ಕುದುರೆ ಕೊಂಬು. ಎಂಟು ಗೋಲು ಹಿಂದಿದ್ದರೆ ಕೊನೇ ದಿನ ಅದನ್ನು ತುಂಬೋಕೆ ಆಗೋದೇ ಇಲ್ಲ. 2011-12ರಲ್ಲಿ ಮ್ಯಾಂಚೆಸ್ಟರಿನ ಎರಡೂ ತಂಡ 89 ಪಾಯಿಂಟಿಗೆ ನಿಂತವು. ಸಿಟಿಯ ಗೋಲ್ ಡಿಫರೆನ್ಸ್ 64, ಯುನೈಟೆಡ್ಡಿನದು 56. ಆ ಎಂಟು ಗೋಲು ಬಂದದ್ದು ಕೊನೇ ದಿನ ಅಲ್ಲ. ಅಕ್ಟೋಬರಿನಲ್ಲೇ ಯುನೈಟೆಡ್ ಮೈದಾನಕ್ಕೆ ಹೋಗಿ ಸಿಟಿ 6-1 ಗೆದ್ದಿತ್ತಲ್ಲ, ಲೆಕ್ಕ ಅಲ್ಲಿಂದ ಶುರು. ಆ ಒಂದೇ ದಿನ ಇವರಿಗೆ ಐದು ಕೂಡಿ, ಅವರಿಗೆ ಐದು ಕಳೆಯಿತು. ಗೆಲುವು ಖಾತ್ರಿ ಆದಮೇಲೂ ಒಂದು ತಂಡ ಇನ್ನೊಂದು ಗೋಲಿಗಾಗಿ ಓಡುತ್ತಿದ್ದರೆ ಅದನ್ನು ದುರಾಸೆ ಅನ್ನಬೇಡಿ.

ನಮ್ಮ ಬಾಕಿ ಲೆಕ್ಕಕ್ಕೂ ಇದು ಸೇರುತ್ತದೆ. ಗೋಲ್ ಡಿಫರೆನ್ಸ್ ಚೆನ್ನಾಗಿದ್ದು, ಪಾಯಿಂಟ್ ಸಮ ಆದರೂ ಸಾಕು ಅನ್ನೋ ತಂಡದ ಬಾಕಿಯಲ್ಲಿ ಒಂದು ಕಮ್ಮಿ ಮಾಡಿಕೊಳ್ಳಬಹುದು.

ಗೋಲ್ ಡಿಫರೆನ್ಸೂ ಸಮ ಆದರೆ ಯಾರು ಜಾಸ್ತಿ ಗೋಲು ಹೊಡೆದಿದ್ದಾರೆ ಅಂತ ನೋಡುತ್ತಾರೆ. ಇಂಥದ್ದೆಲ್ಲ ಆಗುತ್ತಾ ಅಂದರೆ, ಆಗಿದೆ. 1989ರ ಮೇ 26. ಲಿವರ್‌ಪೂಲ್ ಮೂರು ಪಾಯಿಂಟ್ ಮುಂದೆ, ಕೊನೇ ಮ್ಯಾಚು ಅವರದ್ದೇ ಆನ್‌ಫೀಲ್ಡ್ ಮೈದಾನದಲ್ಲಿ ಆರ್ಸೆನಲ್ ಜೊತೆ. ಆರ್ಸೆನಲ್ಲಿಗೆ ಎರಡು ಗೋಲಿನ ಗೆಲುವೇ ಬೇಕು. ತೊಂಬತ್ತು ನಿಮಿಷ ದಾಟಿದಾಗ ಆರ್ಸೆನಲ್ 1-0 ಮುಂದೆ. ಆಗ ಮೈಕೆಲ್ ಥಾಮಸ್ ಎರಡನೇದು ಹೊಡೆದ. ಇಬ್ಬರದ್ದೂ 76 ಪಾಯಿಂಟ್, ಇಬ್ಬರದ್ದೂ ಗೋಲ್ ಡಿಫರೆನ್ಸ್ 37. ಹೊಡೆದ ಗೋಲು ಮಾತ್ರ ಆರ್ಸೆನಲ್ 73, ಲಿವರ್‌ಪೂಲ್ 65.

ಇಷ್ಟು ಹೇಳಿ ಮುಗಿಸಿದೆ ಅನ್ನೋವಷ್ಟರಲ್ಲಿ ಮಹಡಿ ಹುಡುಗ ಬಾಯಿ ಹಾಕಿದ. "ಅಂಕಲ್, ಸ್ಪೇನಲ್ಲಿ ಹಂಗಲ್ಲ."

ಅವನ ಮಾತು ನಿಜ. ಒಂದೊಂದು ಲೀಗಿಗೆ ಒಂದೊಂದು ಕಾನೂನು, ಅರ್ಧ ಜಗಳ ಹುಟ್ಟೋದೇ ಇಲ್ಲಿಂದ. ಸ್ಪೇನಿನ ಲಾ ಲಿಗಾದಲ್ಲಿ ಪಾಯಿಂಟ್ ಸಮ ಆದರೆ ಮೊದಲು ನೋಡೋದು ಇಬ್ಬರ ನಡುವಿನ ಎರಡು ಮ್ಯಾಚ್, ಅಂದರೆ ಹೆಡ್ ಟು ಹೆಡ್. 2006-07ರಲ್ಲಿ ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಎರಡೂ 76. ಬಾರ್ಸಿಲೋನಾದ ಗೋಲ್ ಡಿಫರೆನ್ಸ್ 45, ಮ್ಯಾಡ್ರಿಡ್‌ನದು 26. ಇಂಗ್ಲೆಂಡಾಗಿದ್ದರೆ ಬಾರ್ಸಿಲೋನಾ ಚಾಂಪಿಯನ್. ಆದರೆ ತಮ್ಮೊಳಗಿನ ಮ್ಯಾಚುಗಳಲ್ಲಿ ಮ್ಯಾಡ್ರಿಡ್ ಒಂದನ್ನು 2-0 ಗೆದ್ದು, ಇನ್ನೊಂದನ್ನು 3-3 ಡ್ರಾ ಮಾಡಿಕೊಂಡಿತ್ತು. ಆ 3-3ರಲ್ಲಿ ಬಾರ್ಸಿಲೋನಾದ ಮೂರೂ ಗೋಲು ಹುಡುಗ ಮೆಸ್ಸಿಯವು. ಹ್ಯಾಟ್ರಿಕ್ ಹೊಡೆದೂ ಕಪ್ ಇಲ್ಲ. ಜರ್ಮನಿಯಲ್ಲಿ ಇಂಗ್ಲೆಂಡಿನ ಹಾಗೆ ಗೋಲ್ ಡಿಫರೆನ್ಸೇ ಮೊದಲು. ಇಟಲಿಯಲ್ಲಿ 2022-23ರಿಂದ ಮೊದಲ ಸ್ಥಾನಕ್ಕೆ ಇಬ್ಬರು ಸಮ ಆದರೆ ಇನ್ನೊಂದು ಮ್ಯಾಚೇ ಆಡಿಸುತ್ತಾರೆ.

ನಮ್ಮ ಇಂಡಿಯನ್ ಸೂಪರ್ ಲೀಗ್ ಈ ವಿಷಯದಲ್ಲಿ ಸ್ಪೇನಿನ ಕಡೆ. ಅದರಿಂದ ಬೆಂಗಳೂರಿಗೆ ಲಾಭ ಆಗಿದೆ. 2018-19ರ ಲೀಗ್ ಹಂತದಲ್ಲಿ ಬೆಂಗಳೂರು ಎಫ್‌ಸಿ, ಗೋವಾ ಎರಡೂ 34 ಪಾಯಿಂಟ್. ಗೋಲ್ ಡಿಫರೆನ್ಸ್ ನೋಡಿದ್ದರೆ ಗೋವಾ ಎಲ್ಲೋ, ನಾವು ಎಲ್ಲೋ. ಆದರೆ ಗೋವಾವನ್ನು ಎರಡೂ ಸಲ ಸೋಲಿಸಿದ್ದೆವು, ಅವರೂರಲ್ಲಿ 2-1, ಕಂಠೀರವದಲ್ಲಿ 3-0. ಟೇಬಲ್ಲಿನ ತಲೆ ಮೇಲೆ ಕೂತವರು ನಾವು. ಆಗಿನ್ನೂ ಐಎಸ್‌ಎಲ್‌ನಲ್ಲಿ ಮೊದಲು ಬಂದದ್ದಕ್ಕೇ ಬೇರೆ ಪ್ರಶಸ್ತಿ ಇರಲಿಲ್ಲ, ಫೈನಲ್ ಗೆಲ್ಲಬೇಕಿತ್ತು. ಮುಂಬೈಯಲ್ಲಿ ನಡೆದ ಆ ಫೈನಲ್ಲಿನ ಎದುರಾಳಿಯೂ ಗೋವಾನೇ. ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೆಕೆ ತಲೆ ಕೊಟ್ಟು ಹೊಡೆದ ಒಂದೇ ಗೋಲಿಗೆ ಕಪ್ ನಮ್ದಾಯಿತು. ಲೀಗಿನಲ್ಲಿ ಮೊದಲು ಬಂದವರಿಗೆ ಶೀಲ್ಡ್ ಕೊಡೋದು ಶುರುವಾಗಿದ್ದು ಮುಂದಿನ ಸೀಸನ್‌ನಿಂದ.

ಹೆಡ್ ಟು ಹೆಡ್ ಚೆನ್ನಾ, ಗೋಲ್ ಡಿಫರೆನ್ಸ್ ಚೆನ್ನಾ? ನನ್ನ ಮನಸ್ಸು ಗೋಲ್ ಡಿಫರೆನ್ಸಿನ ಕಡೆ. ಲೀಗ್ ಅಂದಮೇಲೆ ಎಲ್ಲರ ಜೊತೆ ಹೇಗೆ ಆಡಿದಿರಿ ಅಂತ ಕೇಳಬೇಕು, ಒಬ್ಬನ ಜೊತೆ ಹೇಗೆ ಆಡಿದಿರಿ ಅಂತಲ್ಲ. 2019ರಲ್ಲಿ ಮಾತ್ರ ನಾನು ಈ ಮಾತನ್ನು ಬಾಯಿಬಿಟ್ಟು ಆಡಲಿಲ್ಲ.

ಕೊನೇ ದಿನದ ವಿಷಯ. ಪ್ರೀಮಿಯರ್ ಲೀಗಿನಲ್ಲಿ ಆವತ್ತು ಹತ್ತೂ ಮ್ಯಾಚು ಒಂದೇ ಹೊತ್ತಿಗೆ ಶುರು. ಸಾಮಾನ್ಯವಾಗಿ ನಮ್ಮ ಗಡಿಯಾರದಲ್ಲಿ ರಾತ್ರಿ ಎಂಟೂವರೆ. ಒಬ್ಬರ ಫಲಿತಾಂಶ ನೋಡಿಕೊಂಡು ಇನ್ನೊಬ್ಬರು ಆಟ ಹೊಂದಿಸಿಕೊಳ್ಳಬಾರದು ಅಂತ ಹೀಗೆ. 1982ರ ವಿಶ್ವಕಪ್ಪಿನಲ್ಲಿ ಪಶ್ಚಿಮ ಜರ್ಮನಿ, ಆಸ್ಟ್ರಿಯಾ ಇದ್ದ ಗುಂಪಿನಲ್ಲೇ ಇದ್ದ ಅಲ್ಜೀರಿಯಾ ಹಿಂದಿನ ದಿನವೇ ತನ್ನ ಕೊನೇ ಮ್ಯಾಚ್ ಮುಗಿಸಿತ್ತು. ಪಶ್ಚಿಮ ಜರ್ಮನಿ 1-0 ಗೆದ್ದರೆ ತಾವಿಬ್ಬರೂ ಮುಂದಕ್ಕೆ ಅಂತ ಗೊತ್ತಿದ್ದ ಜರ್ಮನಿ, ಆಸ್ಟ್ರಿಯಾ ಆ ಒಂದು ಗೋಲು ಬಿದ್ದಮೇಲೆ ಸುಮ್ನೆ ಚೆಂಡು ತಳ್ಳಿಕೊಂಡು ಕಾಲ ಕಳೆದವು, ಅಲ್ಜೀರಿಯಾ ಹೊರಗೆ ಬಿತ್ತು. ಆಮೇಲೆ ವಿಶ್ವಕಪ್ಪಿನಲ್ಲೂ ಗುಂಪಿನ ಕೊನೇ ಮ್ಯಾಚುಗಳನ್ನು ಒಟ್ಟಿಗೇ ಆಡಿಸೋಕೆ ಶುರುಮಾಡಿದರು.

ಒಟ್ಟಿಗೆ ಆಡಿಸೋದರಿಂದ ಚಿಕ್ಕಪ್ಪನ ಮನೆಯಲ್ಲಿ ಆಗೋ ಗಲಾಟೆ ಬೇರೆ. ಟಿವಿಯಲ್ಲಿ ಒಂದು ಮ್ಯಾಚು, ಮೊಬೈಲಿನಲ್ಲಿ ಇನ್ನೊಂದು. ಮೊಬೈಲಿಂದು ಅರ್ಧ ನಿಮಿಷ ತಡ. ಹಾಗಾಗಿ ನಮ್ಮ ಪರದೆಯಲ್ಲಿ ಇನ್ನೂ ಥ್ರೋ ನಡೆಯುತ್ತಿರುವಾಗಲೇ ಎದುರು ಬೀದಿಯ ಪಿಜಿಯಿಂದ ಕೂಗು ಕೇಳಿಸುತ್ತದೆ. ಅದು ಖುಷಿಯ ಕೂಗೋ ಸಂಕಟದ ಕೂಗೋ ಅಂತ ಊಹಿಸುತ್ತಾ ಕೂರೋ ಆ ಅರ್ಧ ನಿಮಿಷ ಇದೆಯಲ್ಲ, ವೈರಿಗೂ ಬೇಡ. 2019ರ ಕೊನೇ ದಿನ ಲಿವರ್‌ಪೂಲ್ ಅಭಿಮಾನಿಗಳ ಕಥೆಯೂ ಹೀಗೇ. ಅತ್ತ ಬ್ರೈಟನ್ ತಂಡ ಸಿಟಿ ಮೇಲೆ ಗೋಲು ಹೊಡೆಯಿತು, ಇತ್ತ ಲಿವರ್‌ಪೂಲ್ ಆಗಲೇ 1-0 ಮುಂದೆ. ಆ ಕ್ಷಣಕ್ಕೆ ಲಿವರ್‌ಪೂಲ್ ಚಾಂಪಿಯನ್. ಅದು ಉಳಿದದ್ದು 83 ಸೆಕೆಂಡು. ಅಷ್ಟರಲ್ಲಿ ಸಿಟಿಯ ಅಗ್ವೆರೊ ಸಮ ಮಾಡಿದ, ಸಿಟಿ ಕೊನೆಗೆ 4-1 ಗೆದ್ದಿತು.

ಇದೆಲ್ಲ ದೂರದ ಊರಿನ ಮಾತಾಯಿತು ಅಂತ ಚಿಕ್ಕಪ್ಪ ಮೂಗು ಮುರಿದರು. ಆಗ ನಾನು ಬಿಲ್ಲಿನ ಕೆಳಗಡೆ ಉಳಿದಿದ್ದ ಜಾಗದಲ್ಲಿ ಇನ್ನೊಂದು ಲೆಕ್ಕ ಬರೆದೆ.

2015ರ ಮೇ 31, ಭಾನುವಾರ, ಕಂಠೀರವ. ಆಗ ದೇಶದ ಮುಖ್ಯ ಫುಟ್‌ಬಾಲ್ ಲೀಗ್ ಆಗಿದ್ದ ಐ-ಲೀಗಿನ ಕೊನೇ ದಿನ. ಬೆಂಗಳೂರು ಎಫ್‌ಸಿ ಹುಟ್ಟಿ ಎರಡು ವರ್ಷವೂ ತುಂಬಿರಲಿಲ್ಲ, ಮೊದಲ ಸೀಸನ್ನಿನಲ್ಲೇ ಚಾಂಪಿಯನ್ ಆಗಿತ್ತು. ಎದುರಿಗೆ ನೂರು ವರ್ಷಕ್ಕೂ ಹಳೆಯ ಮೋಹನ್ ಬಾಗಾನ್, ಹದಿಮೂರು ವರ್ಷದಿಂದ ಲೀಗ್ ಗೆದ್ದಿರಲಿಲ್ಲ. ಬಾಗಾನ್ 38, ನಾವು 36. ಒಂದೇ ಮ್ಯಾಚ್ ಬಾಕಿ, ಅದೂ ನಮ್ಮಿಬ್ಬರದ್ದೇ.

ಲೆಕ್ಕ ಹಾಕಿ. ನಾವು ಗೆದ್ದರೆ 39. ಬಾಗಾನ್‌ಗೆ 40 ಬೇಕು, ಅಂದರೆ ಬಾಕಿ 2. ಡ್ರಾ ಆದರೆ ಅವರು 1 ಕಟ್ಟಿದ ಹಾಗೆ, ನಾವು 2 ಮನ್ನಾ ಮಾಡಿದ ಹಾಗೆ. ಮೂರು. ಬಾಕಿ ಚುಕ್ತಾ ಆಗಿ ಒಂದು ಮಿಗುತ್ತದೆ. ನಾವು ಗೆದ್ದರೆ ಅವರ ಬಾಕಿ 2 ಹಾಗೇ ಉಳಿದು, ಆಡೋಕೆ ಮ್ಯಾಚೇ ಇರಲ್ಲ.

ನಾನು ವೆಸ್ಟ್ ಬ್ಲಾಕಿನಲ್ಲಿದ್ದೆ. ಕಂಠೀರವದಲ್ಲಿ ಸ್ಟ್ಯಾಂಡಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ, ಆಟಗಾರರು ಸ್ವಲ್ಪ ದೂರವೇ. ಆದರೂ ಅವತ್ತು 41ನೇ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದಾಗ ನನ್ನ ಪಕ್ಕದಲ್ಲಿದ್ದ, ಹೆಸರೂ ಗೊತ್ತಿಲ್ಲದ ಹಿರಿಯರೊಬ್ಬರು ನನ್ನನ್ನು ಅಪ್ಪಿಕೊಂಡುಬಿಟ್ಟರು. ಆ ಕ್ಷಣಕ್ಕೆ ನಾವು 39, ಬಾಗಾನ್ 38. ದ್ವಿತೀಯಾರ್ಧ ಪೂರ್ತಿ ಎಲ್ಲರೂ ನಿಂತೇ ಇದ್ದೆವು. ಆ ಹಿರಿಯರು ಐದೈದು ನಿಮಿಷಕ್ಕೆ ವಾಚು ನೋಡಿ, "ಇನ್ನು ಸ್ವಲ್ಪ, ಇನ್ನು ಸ್ವಲ್ಪ" ಅನ್ನುತ್ತಿದ್ದರು.

87ನೇ ನಿಮಿಷ. ಬಾಗಾನ್‌ಗೆ ಕಾರ್ನರ್. ಸೋನಿ ನಾರ್ಡೆ ಚೆಂಡು ಎತ್ತಿದ. ಬೆಲ್ಲೊ ರಜಾಕ್ ಮೇಲಕ್ಕೆ ಹಾರಿ ತಲೆ ಕೊಟ್ಟ. ನಮ್ಮ ನೀಲಿ ಬಾವುಟಗಳೆಲ್ಲ ಹಾಗೇ ನಿಂತವು. ಕೋಲ್ಕತ್ತಾದಿಂದ ಬಂದಿದ್ದ ಹಸಿರು-ಕೆಂಗಂದು ಬಣ್ಣದ ಗುಂಪಿನ ಕೂಗು ಮಾತ್ರ ಕೇಳಿಸುತ್ತಿತ್ತು. 1-1. ಬಾಗಾನ್ 39, ಬೆಂಗಳೂರು 37. ಪಕ್ಕದವರು ವಾಚು ನೋಡೋದು ನಿಲ್ಲಿಸಿದ್ದರು. ಮುಂದಿನ ವರ್ಷ ಲೀಗ್ ಮತ್ತೆ ನಮ್ಮದಾಯಿತು, ಆದರೂ ಆ ಕಾರ್ನರ್ ಈಗಲೂ ಕನಸಲ್ಲಿ ಬರುತ್ತದೆ.

ಚಿಕ್ಕಪ್ಪ ಬಿಲ್ಲನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಅಲ್ಲಿ ಹೋಗಿ ಡ್ರಾ ಮಾಡ್ಕೊಂಡು ಬನ್ರೋ ಸಾಕು" ಅಂದರು, ಇವನೇ ಹೋಗಿ ಆಡೋನ ಹಾಗೆ.

ಮುಂದಿನ ವಾರ ಚಿಕ್ಕಮ್ಮ ಫೋನ್ ಮಾಡಿದ್ದರು. ಕರೆಂಟ್ ಬಿಲ್ ಕಟ್ಟೋಕೆ ಅಕೌಂಟ್ ನಂಬರ್ ಬೇಕಿತ್ತಂತೆ, ಬಿಲ್ ಎಲ್ಲೂ ಸಿಗಲಿಲ್ಲವಂತೆ. ಕೊನೆಗೆ ಅದು ಚಿಕ್ಕಪ್ಪನ ಅಂಗಿ ಜೇಬಿನಲ್ಲಿತ್ತು. ಹಿಂದುಗಡೆ 17 ಹೊಡೆದುಹಾಕಿ, ಅದರ ಕೆಳಗೆ ಅವರ ಅಕ್ಷರದಲ್ಲೇ 12 ಅಂತ ಬರೆದಿತ್ತಂತೆ. ಕೆಂಪು ಗೆದ್ದಿರಬೇಕು, ನೀಲಿ ಡ್ರಾ ಮಾಡಿಕೊಂಡಿರಬೇಕು.